ಉಜ್ಜನಪ್ಪನನ್ನು ಕೇಳದೆ ಬಂದ ನೀರು

ಆ ದಿನ ನೀರು ಎಷ್ಟೊತ್ತಿಗೆ ಬರುತ್ತದೆಂದು ಹಂಪವ್ವ ಗಂಡನನ್ನು ಕೇಳಲಿಲ್ಲ, ಮೊಬೈಲು ನೋಡಿದಳು. ಗಂಡ ಉಜ್ಜನಪ್ಪ ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನೀರುಗಂಟಿ. ವಾಲ್ವ್ ತಿರುಗಿಸುವ ಕಬ್ಬಿಣದ ಕೀಲಿ ಹೆಗಲಿಗಿಟ್ಟುಕೊಂಡು ಅವಳೆದುರಿಗೇ ನಿಂತಿದ್ದ.

“ಹತ್ತಕ್ಕಂತೆ,” ಎಂದು ಅವಳೇ ಅವನಿಗೆ ತಿಳಿಸಿದಳು.

ಉಜ್ಜನಪ್ಪನಿಗೆ ಮೈಯೆಲ್ಲ ಉರಿಯಿತು. ಇಪ್ಪತ್ತು ವರ್ಷ ಇಡೀ ಬಡಾವಣೆ ಅವನ ಬಾಯಿ ನೋಡಿಕೊಂಡಿತ್ತು. ಮದುವೆ ಮುಹೂರ್ತ ಕೇಳುವ ಹಾಗೆ ನೀರಿನ ಹೊತ್ತು ಕೇಳುತ್ತಿದ್ದರು, ಕೇಳಿದವರೆಲ್ಲ ಕೂರಿಸಿ ಚಹಾ ಕೊಡುತ್ತಿದ್ದರು. ಈಗ ರಶ್ಮಿತಾ ಎಂಬ ಹುಡುಗಿ ಗೆಳತಿಯರ ಜೊತೆ ಸೇರಿ ಒಂದು ಕಂಪನಿ ತೆಗೆದು, ಪಾಲಿಕೆ ಕಚೇರಿಯವರು ಸಾರ್ವಜನಿಕರಿಗೆ ತೆರೆದಿಟ್ಟ ವೇಳಾಪಟ್ಟಿಯನ್ನೆಲ್ಲ ಮೊಬೈಲಿಗೆ ಹಾಕಿಬಿಟ್ಟಿದ್ದಳು. ಮೂರು ತಿಂಗಳಿಂದ ಉಜ್ಜನಪ್ಪನನ್ನು ಯಾರೂ ಏನೂ ಕೇಳಿರಲಿಲ್ಲ. ಗಂಡಸಿಗೂ ಒಬ್ಬ ಸವತಿ ಬಂದ ಹಾಗಾಗಿತ್ತು.

ಹರಿಹರದಲ್ಲಿ ಇದೇ ಕೆಲಸ ಮಾಡುವ ಭಾಮೈದ ಕೊಟ್ರೇಶನಿಗೆ ಫೋನು ಮಾಡಿದ. ಅಲ್ಲಿಗೆ ರಶ್ಮಿತಾಳ ಆ್ಯಪು ಇನ್ನೂ ಕಾಲಿಟ್ಟಿರಲಿಲ್ಲ. ಕೊಟ್ರೇಶ ಯಾರದೋ ಮನೆಯಲ್ಲಿ ಕೂತು ಹೋಳಿಗೆ ತಿನ್ನುತ್ತಲೇ ಮಾತಾಡಿದ. ಉಜ್ಜನಪ್ಪನ ಹೊಟ್ಟೆಕಿಚ್ಚಿಗೆ ಅದೊಂದು ಬಾಕಿ ಇತ್ತು.

“ಹೊತ್ತು ತಪ್ಪಿಸಿ ಬಿಡ್ರಿ ಭಾವ. ಮೊಬೈಲ್ ಸುಳ್ಳಾದ್ರೆ ಜನ ನಿಮ್ಮ ಹತ್ರನೇ ಬರ್ತಾರ.”

ಹತ್ತಾಯಿತು. ಉಜ್ಜನಪ್ಪ ವಾಲ್ವ್ ಗುಂಡಿಯ ಪಕ್ಕ, ಹೊಂಗೆ ಮರದ ನೆರಳಲ್ಲಿ ಕಾಲು ಚಾಚಿ ಕೂತ. ಜನ ಹೊರಗೆ ಬಂದು ಮೊಬೈಲಿಗೆ ಬೈದರು. ಇನ್ನೇನು ತನ್ನ ಬಳಿಗೆ ಬಂದರು ಎಂದು ಅವನು ಮೀಸೆ ಸರಿಮಾಡಿಕೊಂಡ. ಯಾರೂ ಬರಲಿಲ್ಲ. ದೂರನ್ನೂ ಮೊಬೈಲಿನಲ್ಲೇ ಒತ್ತಿದರು. ನೀರು ತಡ, ಬಿಟ್ಟ ಕೂಡಲೇ ತಿಳಿಸುತ್ತೇವೆ ಎಂದು ಅದೂ ಉತ್ತರ ಕೊಟ್ಟಿತಂತೆ, ಸಮಾಧಾನವಾಗಿ ಒಳಗೆ ಹೋದರು.

ಬಿಡುವವನು ನಾನು, ತಿಳಿಸುವವರು ಇವರೋ ಎಂದು ಉಜ್ಜನಪ್ಪ ಹಲ್ಲು ಕಡಿದ. ಮಧ್ಯಾಹ್ನ ಒಂದೂವರೆಗೆ, ಬೀದಿಯೆಲ್ಲ ಉಂಡು ಮಲಗಿದಾಗ, ಕಳ್ಳನಂತೆ ಗುಂಡಿಗಿಳಿದು ಕೀಲಿ ತಿರುಗಿಸಿದ. ಯಾರಿಗೂ ಗೊತ್ತಾಗದೆ ನೀರು ಬಂದು ಹೋಗಲಿ, ಸಂಜೆ ಖಾಲಿ ಕೊಡ ಹಿಡಿದು ತನ್ನ ಬಾಗಿಲಿಗೇ ಬರಲಿ ಎಂಬುದು ಅವನ ಲೆಕ್ಕ.

ಎರಡು ಸುತ್ತು ಮುಗಿದಿರಲಿಲ್ಲ, ಮನೆಮನೆಯಲ್ಲೂ ಮೊಬೈಲು ಟಿಣ್ ಎಂದಿತು. ಬಾಗಿಲು ತೆರೆದವು, ಕೊಡ, ಬಕೆಟ್ಟು, ಡ್ರಮ್ಮು ಎಲ್ಲ ಹೊರಬಿದ್ದವು. ತಡವೇಕೆಂದು ನೋಡಲು ಸ್ಕೂಟಿಯಲ್ಲಿ ಬಂದ ರಶ್ಮಿತಾ ಗುಂಡಿಯೊಳಗೆ ಇಣುಕಿ ಅವನಿಗೆ ಕೈಮುಗಿದಳು.

“ಥ್ಯಾಂಕ್ಸ್ ಅಂಕಲ್. ನೀರು ಹರಿದ ಕೂಡ್ಲೇ ಎಲ್ಲರಿಗೂ ತಿಳಿಸೋ ಡಬ್ಬಿ ಹೋದ ವಾರ ಪೈಪಿಗೆ ಹಾಕಿದ್ವಿ. ಹೊತ್ತು ತಪ್ಪಿ ಬಿಟ್ರೆ ಕೆಲಸ ಮಾಡ್ತೈತೋ ಇಲ್ಲೋ ಅಂತ ಅನುಮಾನ ಇತ್ತು. ನೀವೇ ಪರೀಕ್ಷೆ ಮಾಡಿ ತೋರಿಸಿದ್ರಿ.”

ಬೆವರು ಒರೆಸಿಕೊಂಡು ಮೇಲೆ ಬಂದವನನ್ನು ಮೂಲೆಮನೆಯ ಗಿರಿಯಮ್ಮ ಕೈಸನ್ನೆ ಮಾಡಿ ಕರೆದಳು. ಎಂಬತ್ತರ ಮುದುಕಿ, ಮೊಬೈಲು ಮುಟ್ಟಿದವಳೇ ಅಲ್ಲ. ಇವಳೊಬ್ಬಳಾದರೂ ಉಳಿದಳಲ್ಲ ಎಂದು ಉಜ್ಜನಪ್ಪ ಓಡುತ್ತಲೇ ಹೋದ.

“ನಿನ್ನ ಒಂದು ಮಾತು ಕೇಳ್ಬೇಕಿತ್ತಪ್ಪ.”

“ಕೇಳ್ರಿ ಅಮ್ಮ,” ಎಂದ. ಕೀಲಿಯನ್ನು ಹೆಗಲಿಂದ ಇಳಿಸಿದ.

“ಆ ಮೊಬೈಲು ಇಷ್ಟು ಚಂದ ನೀರು ಬಿಡತೈತಲ್ಲ, ಮತ್ತೆ ನೀನ್ಯಾಕ ಆ ಕಬ್ಬಿಣ ಹೊತ್ಕೊಂಡು ಬಿಸಿಲಾಗ ತಿರುಗ್ತೀಯ?”