ಮಾವನ ನುಡಿನಮನ

ನಮ್ಮ ಸೋದರಮಾವ ಬಂದರೆಂದರೆ ಹಾಸಿಗೆ ಹಿಡಿದವರೂ ಎದ್ದು ಕೂರುತ್ತಾರೆ. ಡಾಕ್ಟರೋ ಪಂಡಿತರೋ ಇರಬೇಕು ಅಂದುಕೊಂಡಿರಾ? ಅಯ್ಯೋ, ಇಲ್ಲ! ಅವರು ನಿವೃತ್ತ ಕನ್ನಡ ಮೇಷ್ಟ್ರು. ಅರಸೀಕೆರೆ ಸುತ್ತಮುತ್ತ ಯಾರೇ ತೀರಿಕೊಳ್ಳಲಿ, ತಿಥಿಯ ದಿನ ಓದಲು ನುಡಿನಮನ ಬರೆಯುವುದು ಅವರ ಚಟ. ಒಮ್ಮೆ ಬೇಲೂರಿನ ನೆಂಟರೊಬ್ಬರು ಜ್ವರದಲ್ಲಿ ಮಲಗಿದ್ದರು. ಬಾಗಿಲಲ್ಲಿ ಮಾವನನ್ನು ಕಂಡದ್ದೇ, "ನಂಗೇನೂ ಆಗಿಲ್ಲ ಮೇಷ್ಟ್ರೇ, ನೋಡಿ!" ಎಂದು ಹಿತ್ತಿಲವರೆಗೂ ನಡೆದು ತೋರಿಸಿಬಿಟ್ಟರು.

ಸಾವಿನ ಮನೆಯಲ್ಲಿ ಎಲ್ಲರೂ ಸಮಾಧಾನ ಹೇಳಿದರೆ ಮಾವ ಪ್ರಶ್ನೆ ಕೇಳುತ್ತಾರೆ. "ಕಾಫಿಗೆ ಸಕ್ಕರೆ ಎಷ್ಟು ಹಾಕ್ಕೋತಿದ್ರು? ಯಾವುದಕ್ಕೆ ಸಿಟ್ಟು ಬರ್ತಿತ್ತು?" ಇದೆಂಥ ವಿಚಾರಣೆ ಮಾವ ಎಂದರೆ, "ಸಾವು ಎಲ್ಲರಿಗೂ ಒಂದೇ ಕಣೋ, ಸತ್ತವರು ಒಂದೇ ಅಲ್ಲ" ಎನ್ನುತ್ತಾರೆ.

ಈ ಹಟದಿಂದ ಹಾರನಹಳ್ಳಿಯಲ್ಲಿ ನಾವಿಬ್ಬರೂ ಒದೆ ತಿನ್ನುವುದರಲ್ಲಿದ್ದೆವು. ತೀರಿಕೊಂಡವರು ತೆಂಗಿನ ತೋಟದ ಯಜಮಾನರು, ಮಹಾ ಮುಂಗೋಪಿ. ಮಕ್ಕಳಿಗೆ 'ಅಜಾತಶತ್ರು' ಎಂಬ ಪದ ಬೇಕಿತ್ತು. ಮಾವ ತುಂಬಿದ ಪಂಕ್ತಿಯೆದುರು ಎದ್ದು ನಿಂತು ಓದಿದರು: "ಇವರು ಬೇಲಿಯ ವಿಷಯಕ್ಕೆ ಪಕ್ಕದ ತೋಟದವರೊಡನೆ ಮೂವತ್ತು ವರ್ಷ ಜಗಳವಾಡಿದರು. ಈಗ ಬೇಲಿಯ ಆಚೆ ಒಬ್ಬರೇ ಉಳಿದಿದ್ದಾರೆ."

ಪಂಕ್ತಿಯಲ್ಲಿ ಹಪ್ಪಳ ಮುರಿಯುವ ಸದ್ದೂ ನಿಂತಿತು. ಹಿರಿಯ ಮಗ ತೋಳೇರಿಸುತ್ತ ಎದ್ದ. "ಏನ್ ಮೇಷ್ಟ್ರೇ, ನಮ್ಮಪ್ಪನ ಮಾನ ಕಳೀತಾ ಇದ್ದೀರಾ?" ನಾನು ಆಗಲೇ ಚಪ್ಪಲಿ ಎಲ್ಲಿದೆ ಎಂದು ನೋಡತೊಡಗಿದ್ದೆ. ಅಷ್ಟರಲ್ಲಿ ಮೂಲೆಯಿಂದ ಅದೇ ಪಕ್ಕದ ತೋಟದ ಮುದುಕರು ಎದ್ದರು.

"ಸುಮ್ನಿರ್ಲಾ. ಮೇಷ್ಟ್ರು ದಿಟ ಬರ್ದವ್ರೆ. ಹತ್ತು ದಿನದಿಂದ ಬೇಲಿತಾವ ಹೋಗಿ ನಿಂತ್ಕೊತೀನಿ. ಬಯ್ಗುಳ ಬಾಯಿಗೆ ಬತ್ತೈತೆ, ಆಚೆ ಯಾರೂ ಇಲ್ವಲ್ಲೋ!"

ಆತ ಎಲೆಯ ಮುಂದೆಯೇ ಅತ್ತುಬಿಟ್ಟರು. ಅಲ್ಲಿಯವರೆಗೂ ಕಣ್ಣೀರು ಹಾಕದ ಹಿರಿಯ ಮಗನೂ ಅತ್ತ. ನಮಗೆ ಒದೆಯ ಬದಲು ಇನ್ನೆರಡು ಹೋಳಿಗೆ ಸಿಕ್ಕಿತು!

ಹೋದ ವರ್ಷ ಇಂಥ ಮಾವ ಇದ್ದಕ್ಕಿದ್ದಂತೆ ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದರು. ಅತ್ತೆಯ ಹೊಟ್ಟೆಯಲ್ಲಿ ಗೆಡ್ಡೆ ಇದೆ, ಆಪರೇಷನ್ ಆಗಬೇಕು ಎಂದಿದ್ದರು ಡಾಕ್ಟರು. ಯಾವ ಥರದ ಗೆಡ್ಡೆಯೋ ತೆಗೆದಮೇಲೆಯೇ ಗೊತ್ತಾಗುವುದು. ಹಾಸನದ ಆಸ್ಪತ್ರೆಯಲ್ಲಿ ಅತ್ತೆಯನ್ನು ಒಳಗೆ ಕರೆದೊಯ್ಯಲು ಸ್ಟ್ರೆಚರ್ ಬಂತು. ಮಲಗಿಕೊಂಡ ಅತ್ತೆ ನನ್ನತ್ತ ತಿರುಗಿದರು.

"ನಿಮ್ಮಾವ ಒಂದು ವಾರದಿಂದ ಕದ್ದು ಏನೋ ಬರೀತಾ ಇದ್ದಾರೆ. ಜೇಬಲ್ಲಿದೆ. ತೆಗೆದು ಓದೋ."

ಊರಿಗೆಲ್ಲ ಬರೆಯುವ ಮನುಷ್ಯ ಬದುಕಿರುವ ಹೆಂಡತಿಗೂ ನುಡಿನಮನ ಬರೆದುಬಿಟ್ಟರೇ? ಮಾವ ತಲೆ ತಗ್ಗಿಸಿ ಹಾಳೆ ಕೊಟ್ಟರು. ಓದಿದೆ.

"ನಾನು ಏಳುವ ಮೊದಲೇ ಬಾಗಿಲಿಗೆ ನೀರು ಹಾಕಿ, ಹಾಲಿನವನನ್ನು ನೀರಿನ ವಿಷಯಕ್ಕೆ ಬೈದು, ನನಗೆ ಕಾಫಿ..."

"ಮುಂದೆ?"

"ಅಷ್ಟೇ ಇದೆ ಅತ್ತೆ."

"ಇನ್ನೊಂದು ಓದು."

"ಹಳೇಬೀಡಿನಲ್ಲಿ ನಾನು ಶಿಲ್ಪ ನೋಡುತ್ತ ಮೈಮರೆತರೆ, 'ಕಲ್ಲು ಎಲ್ಲೂ ಹೋಗಲ್ಲ ಕಣ್ರೀ, ಬಸ್ಸು ಹೋಗುತ್ತೆ' ಎಂದು ತೋಳು ಹಿಡಿದು..." ಅದೂ ಅಲ್ಲಿಗೇ ನಿಂತಿತ್ತು.

"ಇದೇನ್ರೀ, ಒಂದೂ ಮುಗಿದಿಲ್ಲ! ಮೇಷ್ಟ್ರಂತೆ ಮೇಷ್ಟ್ರು!"

"ಎಳೆದುಕೊಂಡು ಹೋಗುತ್ತಿದ್ದಳು ಅಂತ ಬರೀಬೇಕಲ್ಲ" ಎಂದರು ಮಾವ, ನೆಲ ನೋಡುತ್ತ. "ಆ 'ಇದ್ದಳು' ಬರೆಯೋಕೆ ಕೈ ಬರಲಿಲ್ಲ ಕಣೇ."

ಅತ್ತೆ ಕೈ ಚಾಚಿ ಪೆನ್ನು ಕೇಳಿದರು. "ಟೈಮಾಯ್ತಮ್ಮ" ಎಂದು ನರ್ಸ್ ಅವಸರಿಸುತ್ತಿದ್ದಂತೆಯೇ, ಸೂಜಿ ಚುಚ್ಚಿದ್ದ ಕೈಯಲ್ಲೇ ಎರಡೂ ಸಾಲು ಮುಗಿಸಿದರು: "ಕೊಡ್ತಾಳೆ." "ಎಳ್ಕೊಂಡು ಹೋಗ್ತಾಳೆ."

ಬಾಗಿಲು ಮುಚ್ಚಿತು. ಆ ಮೂರು ಗಂಟೆ ಮಾವ ಒಂದು ಗುಟುಕು ನೀರೂ ಕುಡಿಯಲಿಲ್ಲ, ನಾನು ಕೂರಲಿಲ್ಲ. ಕೊನೆಗೆ ಡಾಕ್ಟರು ಬಂದು, ಗೆಡ್ಡೆ ಪೂರ್ತಿ ತೆಗೆದಿದ್ದೇವೆ, ನೋಡಿದರೆ ಭಯಪಡುವಂಥದ್ದಲ್ಲ ಅನ್ನಿಸುತ್ತದೆ ಎಂದರು. ಪರೀಕ್ಷೆಯ ವರದಿಯೂ ಆಮೇಲೆ ಅದನ್ನೇ ಹೇಳಿತು.

ಡಾಕ್ಟರು ಹೋದಮೇಲೆ ಮಾವ ಹಾಳೆಯನ್ನು ಮೊಣಕಾಲ ಮೇಲೆ ಹರಡಿ ಅತ್ತೆ ಬರೆದ ಸಾಲುಗಳ ಮೇಲೆ ಬೆರಳಾಡಿಸಿದರು.

"ಮದುವೆಯಾಗಿ ನಲವತ್ತು ವರ್ಷ" ಎಂದರು. "ಅವಳ ಅಕ್ಷರ ಇಷ್ಟು ದುಂಡಗಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೋ."