ಕಣದಲ್ಲಿ ಕೂತ ಸಲಹಾ ಮಂಡಳಿ

ವಾಚನಾಲಯದ ಸಲಹಾ ಮಂಡಳಿಯ ರಚನೆ ಹೇಗಿರಬೇಕು, ಅದರ ಭವಿಷ್ಯವೇನು ಎಂದು ಪರಿಶೀಲಿಸುವ ಘನಕಾರ್ಯ ನನ್ನ ಹೆಗಲಿಗೆ ಬಿದ್ದಾಗ ನಾನು ಮೀಸೆ ತಿರುವಿದೆ. ಇದೇನು ಮಹಾ! ನಾಲ್ಕು ಜನರನ್ನು ಕೂಡಿಸಬೇಕು, ನಾಲ್ಕು ಮಾತು ಆಡಬೇಕು, ಒಂದು ಕಾಗದದ ಮೇಲೆ ಸಹಿ ಹಾಕಿಸಬೇಕು. ಎಡಗೈ ಕೆಲಸ! ಬಲಗೈಯನ್ನು ಹಾರ ಹಾಕಿಸಿಕೊಳ್ಳುವಾಗ ಕೈಮುಗಿಯಲು ಕಾಯ್ದಿಟ್ಟುಕೊಂಡಿದ್ದೆ. ಒಂದೇ ಕೈಯಿಂದ ಮುಗಿಯಲು ಬರುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ, ನೋಡ್ರಿ. ನನ್ನ ಆಗಿನ ಬುದ್ಧಿ ಅಷ್ಟೇ ಇತ್ತು.

ಆಗಿನ್ನೂ ನಿಜಾಮರ ಆಳ್ವಿಕೆ. ಕಚೇರಿ, ಸಾಲೆ ಎಲ್ಲ ಉರ್ದುವಿನಲ್ಲಿ. ನಮ್ಮ ಮಾದನಹಿಪ್ಪರಗಾದಲ್ಲಿ ಕನ್ನಡ ಅಕ್ಷರ ಕಣ್ಣಿಗೆ ಬೀಳಬೇಕೆಂದರೆ ಇದ್ದದ್ದು ಒಂದೇ ಜಾಗ: ಊರ ಗೌಡರ ವಾಡೆಯ ಹೊರಗಿನ ಕೋಣೆ. ಅದೇ ನಮ್ಮ ವಾಚನಾಲಯ. ಒಂದು ಕಪಾಟು, ಒಂದು ಜಮಖಾನೆ, ಧಾರವಾಡದಿಂದ ಬರುವ ಒಂದು ವಾರಪತ್ರಿಕೆ. ಅದು ಬರುವ ಹೊತ್ತಿಗೆ ಅದರೊಳಗಿನ ಸುದ್ದಿಗೆ ಮೊಮ್ಮಕ್ಕಳು ಹುಟ್ಟಿರುತ್ತಿದ್ದವು. ನಾನು ಅದರ ಸೆಕ್ರೆಟರಿ. ಕೋಣೆಯ ಬೀಗದ ಕೈ ಮಾತ್ರ ನನ್ನ ಹೆಂಡತಿ ನೀಲಮ್ಮನ ಸೊಂಟದಲ್ಲಿ ಇರುತ್ತಿತ್ತು. ನಾನು ಎರಡು ಸಲ ಕಳೆದಿದ್ದೆ. ಬಾಗಿಲು ತೆಗೆಯುವವಳು, ಕಸ ಹೊಡೆಯುವವಳು, ಪುಸ್ತಕಕ್ಕೆ ಹತ್ತಿದ ಗೆದ್ದಲು ಜಾಡಿಸುವವಳು ಎಲ್ಲಾ ಆಕೆಯೇ. ದಿನಾ ಮಧ್ಯಾಹ್ನ ಸೆರಗಿನೊಳಗೆ ಒಂದು ಪುಸ್ತಕ ಮುಚ್ಚಿಕೊಂಡು ಎಲ್ಲಿಗೋ ಹೋಗಿಬರುತ್ತಿದ್ದಳು. ಸೆಕ್ರೆಟರಿಯಾದವನು ಇಂಥ ಸಣ್ಣಪುಟ್ಟ ವಿಷಯ ವಿಚಾರಿಸುತ್ತ ಕೂತರೆ ಆಡಳಿತ ನಡೆದೀತೆ?

ಪುಸ್ತಕಗಳನ್ನು ಕೊಟ್ಟವರು ಮೂರು ತಾಲೂಕಿನ ಮೂವರು ದೊಡ್ಡ ಮನುಷ್ಯರು: ಆಳಂದದ ವಕೀಲರು, ಅಫಜಲಪುರದ ಸಾವ್ಕಾರರು, ಜೇವರ್ಗಿ ಕಡೆಯಿಂದ ಕೊಳಕೂರಿನ ಮಾಸ್ತರರು. ಈ ಮೂವರೇ ಸಲಹಾ ಮಂಡಳಿ. ಅಧ್ಯಕ್ಷರು ಯಾರು ಎಂಬುದು ಎರಡು ವರ್ಷವಾದರೂ ತೀರ್ಮಾನವಾಗಿರಲಿಲ್ಲ. ಹಿಂದಿನ ಸಭೆ ಮುರಿದದ್ದೇ ಮಾನದ ವೀಳ್ಯ ಮೊದಲು ಯಾರಿಗೆ ಕೊಡಬೇಕು ಎಂಬ ಮಾತಿನ ಮೇಲೆ. ನಾನು ತಬಕ ಹಿಡಿದು ನಿಂತೆ. ಮೂರು ಕೈ ಒಟ್ಟಿಗೆ ಬಂದವು. ಎಲೆ ಅಡಿಕೆ ನೆಲಕ್ಕೆ, ಸುಣ್ಣ ನನ್ನ ಮುಖಕ್ಕೆ!

ಅಷ್ಟರಲ್ಲಿ ಗೌಡರು ನನ್ನನ್ನು ಕರೆಸಿದರು.

"ಸೆಕ್ರೆಟರಿ ಸಾಹೇಬ್ರ, ಮಳಿಗಾಲದಾಗ ಕೋಣಿ ಮಣ್ಣಿನ ಮಾಳಗಿ ಸೋರ್ತು. ನಿಮ್ಮ ಮಂಡಳಿಗೆ ಹೇಳಿ ಕಳಿಸ್ದೆ. ಮೂರೂ ಮಂದಿ ಸಲಹಾ ಕೊಟ್ರು. ಒಬ್ಬನೂ ಒಂದು ಬುಟ್ಟಿ ಮಣ್ಣು ಹಾಕಿಸ್ಲಿಲ್ಲ. ಈ ಕೋಣಿಗೆ ಜವಾಬ್ದಾರ ಯಾರು? ಒಬ್ಬರ ಹೆಸರು ಹೇಳ್ರಿ. ಯುಗಾದಿ ಒಳಗ ಹೇಳ್ಲಿಲ್ಲಂದ್ರ ಖಾಲಿ ಮಾಡ್ರಿ, ನನ್ನ ಹತ್ತಿಕಾಳು ಇಡಾಕ ಜಾಗಾ ಬೇಕಾಗ್ಯಾದ."

ಮನೆಗೆ ಬಂದು ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ನೀಲಮ್ಮನ ಕೈ ನಿಂತಿತು.

"ಕೋಣಿ ಹೋದ್ರ ಪುಸ್ತಕ ಎಲ್ಲಿ ಇಡ್ತೀರಿ?"

"ಮೂರೂ ಮಂದಿ ತಮ್ಮ ತಮ್ಮ ಪುಸ್ತಕ ಹೊತ್ಕೊಂಡು ಹೋಗ್ತಾರ."

"ನಾ ಅರ್ಧಾ ಓದೀನಲ್ರಿ ಆ ಕಾದಂಬರಿ! ಆ ಹುಡುಗಿ ಹೊಳಿ ದಂಡಿಗೆ ಬಂದು ನಿಂತಾಳ. ಮುಂದ ಏನಾತು ಅಂತ ಯಾರನ್ನ ಕೇಳ್ಲಿ?" ಎಂದಳು. ಆಕೆಯ ಕಣ್ಣಲ್ಲಿ ನೀರಿತ್ತು. ಹೊಗೆಗೆ ಬಂದದ್ದಲ್ಲ. "ನೀ ಸುಮ್ಮನಿರು. ನಾ ಅದೇನಿ!" ಎಂದೆ. ಈ ಮಾತಿಗೆ ಆಕೆ ಇನ್ನಷ್ಟು ಹೆದರಿದಂತೆ ಕಂಡಿತು.

ರಾತ್ರಿಯೆಲ್ಲಾ ಯೋಚಿಸಿ ರೋಗದ ಮೂಲ ಹಿಡಿದೆ. ಜಮಖಾನೆಗೆ ತಲೆ ಅದೆ, ಕಾಲು ಅದೆ. ತಲೆಯ ಕಡೆ ಕೂತವನು ದೊಡ್ಡವನಾಗುತ್ತಾನೆ. ಸಭೆ ದುಂಡಗಿನ ಜಾಗದಲ್ಲಿ ಕೂತರೆ? ತಲೆಯೂ ಇಲ್ಲ, ಕಾಲೂ ಇಲ್ಲ, ಜಗಳವೂ ಇಲ್ಲ! ದುಂಡಗಿನ ಜಾಗ ಎಲ್ಲಿದೆ? ನನ್ನ ಹೊಲದ ಕಣ! ಜೋಳ ತುಳಿಸಿ, ತೂರಿ, ರಾಶಿ ಮಾಡಿಟ್ಟಾಗಿತ್ತು. ಇನ್ನೊಂದು ಅನುಕೂಲವೂ ಕಂಡಿತು. ಊರೊಳಗೆ ಸಭೆ ಕೂಡಿಸಬೇಕೆಂದರೆ ತಹಶೀಲ ಕಚೇರಿಯಿಂದ ಇಜಾಜತ್ ತರಬೇಕಿತ್ತು. ರಾಶಿ ಅಳೆಯಲು ಯಾವ ಸರ್ಕಾರದ ಇಜಾಜತ್ತೂ ಬೇಕಿಲ್ಲ. ನನ್ನ ಜಾಣತನಕ್ಕೆ ನನಗೇ ದೃಷ್ಟಿಯಾದೀತೆಂದು ಅಂಜಿದೆ.

ನೀಲಮ್ಮ ಒಂದೇ ಮಾತು ಹೇಳಿದಳು. "ನೋಡ್ರಿ, ರಾಶಿ ದಿನ ಕಣಕ್ಕ ಬಂದವರನ್ನ ಬರಿಗೈಲೆ ಕಳಿಸಬಾರದು."

"ಅವರು ಬರೂದು ಸಲಹಾ ಕೊಡಾಕ, ಜೋಳ ಒಯ್ಯಾಕಲ್ಲ. ನಿನಗಿದು ತಿಳಿಯೂದಿಲ್ಲ ಬೇ" ಎಂದೆ. ಆಕೆ ಸುಮ್ಮನಾದಳು. ಆಕೆ ಸುಮ್ಮನಾದಾಗಲೆಲ್ಲಾ ನನಗೆ ಕೇಡು ಕಾದಿರುತ್ತದೆ.

ರಾಶಿಯ ದಿನ ಗಾಡಿಗಳು ಬಂದವು. ದೊಡ್ಡ ಮನುಷ್ಯರು ಒಬ್ಬರೇ ಬಂದರೆ ದೊಡ್ಡಸ್ತಿಕೆ ಎಲ್ಲಿ ಉಳಿಯಿತು? ಒಬ್ಬೊಬ್ಬರ ಹಿಂದೆ ಮೂವರು: ಅಳಿಯ, ಭಾವ, ಗಾಡಿ ಹೊಡೆಯುವವ. ಎಲ್ಲರೂ ಕಣದಂಚಿಗೆ ಚಪ್ಪಲಿ ಬಿಟ್ಟು ದುಂಡಗೆ ಕೂತರು. ನನ್ನ ಹೊಲ ನೋಡಿಕೊಳ್ಳುವ ಸಿದ್ದಪ್ಪ ಕಾಕಾ ರಾಶಿಯ ಪಕ್ಕ ಸೇರು ಹಿಡಿದು ಕೂತಿದ್ದ. "ತಮ್ಮಾ, ಹೊತ್ತು ಮೀರಬಾರದು, ಲಗೂನ ಮಾತು ಮುಗಸ್ರಿ" ಎಂದ.

ನಾನು ಎದ್ದು ನಿಂತು, "ಮಾನ್ಯ ಮಹಾಶಯರೇ" ಎಂದೆ. ಅಷ್ಟೇ. ವಕೀಲರು ಬೆನ್ನು ನೋಯುತ್ತದೆಂದು ಸರಿದು, ಕಣದ ನಡುವೆ ನೆಟ್ಟ ಮೇಟಿ ಕಂಬಕ್ಕೆ ಒರಗಿ ಕೂತರು.

ಸಾವ್ಕಾರರು ದಿಗ್ಗನೆ ಎದ್ದರು. "ಎತ್ತು ತಿರುಗೂದು ಮೇಟಿ ಸುತ್ತ. ವಕೀಲರು ಮೇಟಿ ಹಿಡದ್ರು ಅಂದ್ರ ನಾವೇನು ಅವರ ಸುತ್ತ ತಿರುಗೋ ಎತ್ತೇನ್ರಿ?"

"ಹೌದ್ರಿ! ಇದು ಮೋಸ!" ಎಂದರು ಮಾಸ್ತರರು.

ವಕೀಲರು ಮೇಟಿಯನ್ನು ತಬ್ಬಿಕೊಂಡೇ, "ಕಬಜಾ ಇದ್ದವನದೇ ಹಕ್ಕು" ಎಂದು ಕಾನೂನು ಹೇಳಿದರು. ಸಭೆ ಮತ್ತೆ ಮುರಿಯುವುದರಲ್ಲಿತ್ತು. ನನ್ನ ಕಣ್ಣ ಮುಂದೆ ನೀಲಮ್ಮನ ಮುಖ ಬಂತು. ಹಿಂದೆ ಮುಂದೆ ನೋಡಲಿಲ್ಲ. ವಕೀಲರನ್ನು ಆಚೆ ಸರಿಸಿ, ಮೇಟಿಯನ್ನೇ ಅಲ್ಲಾಡಿಸಿ ಕಿತ್ತು ಹೊರಗೆ ಎಸೆದೆ!

ಸಿದ್ದಪ್ಪ ಕಾಕಾನ ಕೈಯಿಂದ ಸೇರು ಬಿತ್ತು. "ಅಯ್ಯಯ್ಯ! ರಾಶಿ ಅಳಿಯೂಕಿಂತ ಮೊದಲ ಮೇಟಿ ಕಿತ್ತ್ಯಾ? ಏಳು ತಲಿಯಾಗ ಯಾರೂ ಮಾಡಿದ್ದಿಲ್ಲೋ ತಮ್ಮಾ!" ಎಂದು ಗಲ್ಲ ಬಡಿದುಕೊಂಡ. ನಾನು, "ಮಂಡಳಿಯ ರಚನೆ ಬದಲಾಗಾಕತ್ತದ ಕಾಕಾ" ಎಂದು ಗಂಭೀರವಾಗಿ ಹೇಳಿ ಮುಂದುವರಿದೆ.

ಮೊದಲ ನಿರ್ಣಯ: ಮೂವರೂ ಅಧ್ಯಕ್ಷರು. ಇದಕ್ಕೆ ಮೂವರೂ ಒಪ್ಪಿದರು. ಆದರೆ ಅಳಿಯ, ಭಾವಂದಿರ ಮುಖ ಬಾಡಿತು. "ನಾವೇನು ದನಾ ಕಾಯಾಕ ಬಂದೀವಾ?" ಎಂದರು. ಎರಡನೇ ನಿರ್ಣಯ: ಬಂದವರೆಲ್ಲಾ ಸಲಹೆಗಾರರು. ಬರೆದುಕೊಂಡೆ. ಅಷ್ಟರಲ್ಲಿ ಊರ ಕಡೆಯಿಂದ ಇನ್ನೂ ಮಂದಿ ಒಬ್ಬೊಬ್ಬರಾಗಿ ಬಂದು ಕೂರತೊಡಗಿದರು. ಬಡಿಗ ಬಂದ. ಕುಂಬಾರ ಬಂದ. ಕ್ಷೌರಿಕ ಬಂದ. ಕಮ್ಮಾರ ಬಂದ. ಅವರ ಹಿಂದೆ ಇನ್ನೂ ಏಳು ಮಂದಿ ಬಂದರು. ನನಗೆ ಆನಂದವೋ ಆನಂದ. ನಮ್ಮ ಊರಲ್ಲಿ ವಾಚನಾಲಯದ ಬಗ್ಗೆ ಇಷ್ಟು ಆಸ್ಥೆ ಇದೆಯೇ! ಎಲ್ಲರ ಹೆಸರನ್ನೂ ಪಟ್ಟಿಗೆ ಸೇರಿಸಿದೆ. ವರ್ಷವೆಲ್ಲಾ ನಮ್ಮ ಕೆಲಸ ಮಾಡಿಕೊಟ್ಟವರು ರಾಶಿಯ ದಿನ ತಮ್ಮ ಪಾಲಿನ ಆಯದ ಜೋಳ ಒಯ್ಯಲು ಬರುತ್ತಾರೆಂಬುದು ಕೂಸಿಗೂ ಗೊತ್ತು. ನನಗೆ ಮಾತ್ರ ಆವತ್ತು ಮರೆತುಹೋಗಿತ್ತು. ಪಟ್ಟಿ ಇಪ್ಪತ್ತಮೂರಕ್ಕೆ ಮುಟ್ಟಿತು.

ಸಭೆಯ ಸಮಾರೋಪಕ್ಕೆಂದು ರಾಶಿಯ ಮುಂದೆ ನಿಂತು, ಎದೆಯುಬ್ಬಿಸಿ, ಇಪ್ಪತ್ತಮೂರೂ ಹೆಸರನ್ನು ಊರಿಗೆ ಕೇಳುವಂತೆ ಓದಿದೆ.

ಇಲ್ಲೇ ಕೆಟ್ಟಿತು!

ನಮ್ಮಲ್ಲಿ ಪದ್ಧತಿ ಹೀಗದೆ: ರಾಶಿ ಅಳೆಯುವ ಮೊದಲು ಹೊಲದ ಯಜಮಾನ ಪಾಲು ಕೊಡಬೇಕಾದವರ ಹೆಸರು ಕೂಗಬೇಕು. ಕೂಗಿದ ಮೇಲೆ ಅಳೆಯುವವನು "ಲಾಭಾ!" ಎಂದು ಮೊದಲ ಸೇರು ತುಂಬುತ್ತಾನೆ. ಅಲ್ಲಿಂದ ಮುಂದೆ ಕಣದಲ್ಲಿ ಯಾರೂ ಪಿಟ್ಟೆನ್ನಬಾರದು. ಮಾತಾಡಿದರೆ ರಾಶಿಯ ಹುಲುಸು ಹೋಗುತ್ತದೆ.

"ಲಾಭಾ!" ಎಂದ ಸಿದ್ದಪ್ಪ ಕಾಕಾ.

ಪಟ್ಟಿಯಲ್ಲಿ ಮೊದಲ ಹೆಸರು ವಕೀಲರದು. ಕಾಕಾ ಅವರ ಜರಿ ಶಲ್ಯ ಎಳೆದು ಹಾಸಿ ಜೋಳ ಸುರಿದ. ವಕೀಲರು ಕಣ್ಣು ಕಣ್ಣು ಬಿಟ್ಟರು. ಕಣದಲ್ಲಿ ಕೊಟ್ಟದ್ದನ್ನು ಒಲ್ಲೆ ಅಂದರೆ ಲಕ್ಷ್ಮಿಗೆ ಅವಮಾನ, ಬಾಯಿ ಬಿಟ್ಟರೆ ಹುಲುಸಿಗೆ ಅಪಚಾರ. ಅವರೇನು ಮಾಡಿಯಾರು, ಪಾಪ! ಹಿಡಿದುಕೊಂಡರು.

ನಾನು ಓದಿದ್ದು ಪಾಲಿನ ಪಟ್ಟಿಯಾಯಿತೆಂದು ಆಗ ಹೊಳೆಯಿತು. ಬಾಯಿ ಬಿಡುವ ಹಾಗಿಲ್ಲ. "ಬ್ಯಾಡ, ನಿಲ್ಲಿಸು" ಎಂದು ಅಂಗೈ ಎತ್ತಿ ತೋರಿಸಿದೆ. ಕಾಕಾ ನನ್ನ ಐದು ಬೆರಳು ನೋಡಿದ. ತಲೆಯಾಡಿಸಿದ. ಐದು ಸೇರು ಸುರಿದ! ನಾನು ಗಾಬರಿಯಾಗಿ ಎರಡೂ ಕೈ ಎತ್ತಿ ಬೀಸಿದೆ. ಕಾಕಾನಿಗೆ ನನ್ನ ಧಾರಾಳತನ ನೋಡಿ ಕಣ್ಣೀರು ಬಂತು. ಹತ್ತು ಸೇರು! ಅಲ್ಲಿಂದ ಪಟ್ಟಿಯ ಕೊನೆಯವರೆಗೂ ಅದೇ ಅಳತೆ. ಮುಂದೆ ಕೈ ಎತ್ತುವ ಧೈರ್ಯ ನನಗಾಗಲಿಲ್ಲ. ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ.

ಆಗ ಬುತ್ತಿ ಹೊತ್ತುಕೊಂಡು ನೀಲಮ್ಮ ಬಂದಳು. ಕಿತ್ತು ಬಿದ್ದ ಮೇಟಿ ನೋಡಿದಳು. ಜೋಳ ಕಟ್ಟಿಕೊಳ್ಳುತ್ತಿದ್ದ ಸಲಹಾ ಮಂಡಳಿಯನ್ನು ನೋಡಿದಳು. ನನ್ನನ್ನು ನೋಡಿದಳು. ಏನೂ ಅನ್ನಲಿಲ್ಲ. ಅನ್ನುವ ಹಾಗಿರಲಿಲ್ಲ! ಹುಲುಸಿನ ಪದ್ಧತಿ ಮಾಡಿದ ಹಿರಿಯರಿಗೆ ನಾನು ಮನಸ್ಸಿನಲ್ಲೇ ಅಡ್ಡಬಿದ್ದೆ.

ಅಳೆದು ಮುಗಿಯಿತು. ಉಳಿದದ್ದು ಮೂರು ಚೀಲ ಜೋಳ, ದನದ ಮೇವಿಗೆ ಒಂದಿಷ್ಟು ಕಂಕಿ. ಮಂಡಳಿಯಲ್ಲಿ ಎರಡು ವರ್ಷದಲ್ಲಿ ಕಾಣದ ಒಗ್ಗಟ್ಟು ಆವತ್ತು ಕಂಡಿತು. ಒಕ್ಕೊರಲಿನಿಂದ ಮೂರನೇ ನಿರ್ಣಯ ಪಾಸಾಯಿತು: ಇನ್ನು ಮುಂದೆ ಮಂಡಳಿಯ ವಾರ್ಷಿಕ ಸಭೆ ಪ್ರತಿವರ್ಷ ಸೆಕ್ರೆಟರಿಯವರ ಕಣದಲ್ಲಿ, ರಾಶಿಯ ದಿನವೇ ನಡೆಯತಕ್ಕದ್ದು!

"ಕೋಣಿಗೆ ಜವಾಬ್ದಾರ ಯಾರು? ಒಬ್ಬರು ಸಹಿ ಹಾಕ್ರಿ" ಎಂದು ನಾನು ಕಾಗದ ಹಿಡಿದು ಓಡಾಡಿದೆ. "ವಿಚಾರ ಮಾಡಿ ಹೇಳ್ತೇವ್ರಿ" ಎಂದರು ಮೂವರು ಅಧ್ಯಕ್ಷರು. ಗಾಡಿಗಳು ಹೋದವು. ಕಾಗದ ಬೆಳ್ಳಗೇ ಉಳಿಯಿತು.

ಯುಗಾದಿಯ ಹಿಂದಿನ ದಿನ ಗೌಡರು ಆಳುಗಳೊಡನೆ ಕೋಣೆಯ ಮುಂದೆ ನಿಂತರು. ನಾನು ನಿರ್ಣಯಗಳನ್ನು ಓದಿದೆ. "ಇಪ್ಪತ್ತಮೂರು ಮಂದಿ ಸಲಹಾ ಕೊಡವ್ರು. ಸಹಿ ಹಾಕವ ಒಬ್ಬನೂ ಇಲ್ಲ. ಕಪಾಟ ಹೊರಗಿಡ್ರಿ" ಎಂದು ಗೌಡರು ಆಳುಗಳಿಗೆ ಹೇಳಿದರು. ನೀಲಮ್ಮ ಬಾಗಿಲಿಗೆ ಅಡ್ಡ ನಿಂತು ಸೊಂಟದ ಬೀಗದ ಕೈಯನ್ನು ಗಟ್ಟಿಯಾಗಿ ಹಿಡಿದಳು. ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಗ ವಾಡೆಯ ಒಳಗಿಂದ ಗೌಡರ ಮುದಿ ತಾಯಿ, ಕಣ್ಣು ಕಾಣದಾಕೆ, ಕೋಲೂರುತ್ತ ಹೊರಗೆ ಬಂದಳು.

"ಏನ್ಲೇ, ಕೋಣಿ ಖಾಲಿ ಮಾಡಿಸ್ತಿ? ದಿನಾ ಮಧ್ಯಾನ ನೀಲವ್ವ ನನಗ ಓದಿ ಹೇಳ್ತಾಳ. ರಾಶಿ ಗದ್ದಲದಾಗ ಓದೂದು ನಿಂತು, ಆ ಹುಡುಗಿ ಇನ್ನೂ ಹೊಳಿ ದಂಡಿಗೇ ನಿಂತಾಳ. ಮುಂದಿಂದು ನಿನ್ನ ಹತ್ತಿಕಾಳು ಬಂದು ಹೇಳ್ತಾವೇನು?"

ಗೌಡರು ತಲೆ ಕೆರೆದುಕೊಂಡರು. "ದಿನಾ ಬಾಗಿಲು ತೆಗಿಯೂದು ಯಾರು?" ಎಂದರು. "ನಾನ್ರಿ" ಎಂದಳು ನೀಲಮ್ಮ. "ಕಸಾ ಹೊಡಿಯೂದು?" "ನಾನ್ರಿ." ಗೌಡರು ನನ್ನ ಕೈಯಿಂದ ಕಾಗದ ಕಸಿದುಕೊಂಡರು. "ಮತ್ತ ಇಷ್ಟ ದಿನ ಯಾರನ್ನ ಹುಡುಕಿದ್ರಿ, ಸೆಕ್ರೆಟರಿ ಸಾಹೇಬ್ರ? ಹಾಕಮ್ಮಾ ಸಹಿ" ಎಂದರು. ಆಕೆ ಹಾಕಿದಳು. ನನ್ನ ಸಹಿಗಿಂತ ಚಂದ ಇತ್ತು, ಸುಳ್ಳೇಕೆ ಹೇಳಲಿ.

ಉಳಿದ ಮೂರು ಚೀಲ ತೀರಿದ ಮೇಲೆ ಆ ವರ್ಷವೆಲ್ಲಾ ನೀಲಮ್ಮನ ತವರೂರು ಕಿಣ್ಣಿ ಸುಲ್ತಾನದಿಂದ ನಮ್ಮ ಮಾವ ಕಳಿಸಿದ ಜೋಳದ ರೊಟ್ಟಿಯನ್ನೇ ಉಂಡೆವು. ಪ್ರತಿ ಚೀಲದ ಜೊತೆ ಅವರೊಂದು ಸಲಹೆಯನ್ನೂ ಕಳಿಸುತ್ತಿದ್ದರು.

ಮರುವರ್ಷ ರಾಶಿಯ ದಿನ ಹೊತ್ತು ಹುಟ್ಟುವ ಮೊದಲೇ ವಾರ್ಷಿಕ ಸಭೆಗೆ ಗಾಡಿಗಳು ಬಂದವು. ಈ ಸಲ ಚೀಲ ಸಮೇತ! ನೀಲಮ್ಮ ಕಣದ ಬಾಯಲ್ಲಿ ನಿಂತಿದ್ದಳು. ಆಯದವರನ್ನು ನಗುತ್ತ ಒಳಗೆ ಕರೆದಳು. ಅದು ಅವರ ದುಡಿಮೆಯ ಪಾಲು. ಸಲಹೆಗಾರರನ್ನು ಮಾತ್ರ ತಡೆದಳು.

"ಮಂಡಳಿ ರಚನಾ ಬದಲಾಗ್ಯಾದ್ರಿ. ಈ ವರ್ಷ ಒಂದು ಪುಸ್ತಕ ಪೂರಾ ಓದಿದವರಷ್ಟೇ ಸಲಹೆಗಾರರು. ವಕೀಲ್ರ, ಯಾವುದು ಓದೀರಿ?"

ವಕೀಲರು ಎತ್ತುಗಳ ಕಡೆ ನೋಡಿದರು. ಸಾವ್ಕಾರರಿಗೆ ಕೆಮ್ಮು ಬಂತು. ಮಾಸ್ತರರು, "ಕೊಟ್ಟವರು ನಾವಲ್ಲೇನಮ್ಮಾ" ಎಂದರು. "ಕೊಟ್ಟೀರಿ. ಓದೀರೇನು?" ಎಂದಳು. ಮೂವರೂ ಗಾಡಿಯ ನೆರಳಿಗೆ ಹೋಗಿ ನಿಂತರು.

ನಾನು ಎದೆಯುಬ್ಬಿಸಿ, "ಭಲೇ ನೀಲಮ್ಮಾ!" ಎನ್ನುತ್ತ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ. ಆಕೆಯ ಕೈ ನನ್ನ ಎದೆಗೂ ಅಡ್ಡ ಬಂತು.

"ನೀವು ಯಾವುದು ಓದೀರಿ?"

"ನಾನು... ಆ ಹೊಳಿ ದಂಡಿ ಹುಡುಗೀದು."

"ಮುಂದ ಏನಾತ್ರಿ ಆಕಿಗೆ?"

ನಾನು ಗಾಡಿಯ ನೆರಳಿಗೆ ಹೋದೆ. ವಕೀಲರು ಸ್ವಲ್ಪ ಸರಿದು ಜಾಗ ಕೊಟ್ಟರು.