ಎಕ್ಸ್‌ರೇ ಮುಗಿಯುವ ತನಕ ಜಟ್ಟ ಗೌಡನನ್ನು ಸತ್ತವನೆಂದು ಬರೆದುಕೊಳ್ಳುವ ಬಗ್ಗೆ

ಇಂದ:
ಜಟ್ಟ ಬೊಮ್ಮು ಗೌಡ, ಕೂಲಿ, ಬೆಳಂಬಾರ, ಅಂಕೋಲಾ ತಾಲೂಕು.
(ಅರ್ಜಿದಾರನಿಗೆ ಬರೆಯಲು ಬಾರದ ಕಾರಣ, ಕಚೇರಿಯೆದುರು ಕೂತು ಅರ್ಜಿ ಬರೆಯುವ ಮಂಗೇಶನ ಕೈಬರಹ. ಸಂಕಟ ಜಟ್ಟನದು, ಸಿಟ್ಟು ಇಬ್ಬರದೂ.)

ಗೆ:
ಜನನ ಮರಣ ನೋಂದಣಿ ಸಾಹೇಬರು, ಅಂಕೋಲಾ.

ವಿಷಯ: ಅರ್ಧ ತಾಸಿನ ಮಟ್ಟಿಗೆ ಮರಣದ ದಾಖಲೆ ಕೋರಿ.

ಉಲ್ಲೇಖ: ಕಾರವಾರದ ಒಂದು ಆಸ್ಪತ್ರೆಯ ಚೀಟಿ, ೧೯೮೮ರ ಶ್ರಾವಣ. (ಹೆಸರು ಬರೆದರೆ ಮುಂದಿನ ಸಲ ಗೇಟಿನೊಳಗೆ ಬಿಡಲಿಕ್ಕಿಲ್ಲವೆಂದು ಜಟ್ಟನ ಹೆಂಡತಿ ಕಮಲಿ ಹೇಳಿದ ಕಾರಣ ಬರೆದಿಲ್ಲ.)

ಮಾನ್ಯರೇ,

ಸದರಿ ಜಟ್ಟನ ಅರಿಕೆ ಏನೆಂದರೆ:

೧. ಮಳೆ ಹಿಡಿದಾಗಿನಿಂದ ಕಮಲಿಗೆ ಕೆಮ್ಮು. ಮೊದಲ ಸಲ ಕರೆದೊಯ್ದಾಗ ಡಾಕ್ಟರರು ಅವಳು ಸೀರೆ ಉಟ್ಟ ರೀತಿ ನೋಡಿಯೇ ಊರು, ಜಾತಿ ಎಲ್ಲ ತಿಳಿದುಕೊಂಡು, ನಿಮ್ಮ ಜನಕ್ಕೆ ಕಲ್ಲಿನಂಥ ಮೈ, ಔಷಧ ಬೇಕಾಗುವುದಿಲ್ಲ ಎಂದು ಹೊಗಳಿ ಕಳಿಸಿದರು. ಹೊಗಳಿಕೆಯಿಂದ ಕೆಮ್ಮು ಕಡಿಮೆಯಾಗದೆ ಕಫದಲ್ಲಿ ರಕ್ತ ಕಂಡಿತು. ಆದ್ದರಿಂದ ಎರಡನೇ ಸಲ ಹೋಗಬೇಕಾಯಿತು.

೨. ಎರಡನೇ ಸಲ ಎದೆಯ ಫೋಟೋ ಹೊಡೆದರು. ಕಮಲಿಯ ಕೊರಳಿನಿಂದ ಎದೆಯವರೆಗೆ ಸರದ ಮೇಲೆ ಸರ ಮಣಿ. ಕರಿಮಣಿ ಎಲ್ಲಿದೆಯೆಂದು ಅವಳೊಬ್ಬಳಿಗೇ ಗೊತ್ತು. ಅವಳನ್ನು ಯಾರೂ ಕತ್ತೆತ್ತಿ ನೋಡದ ಕಾರಣ ಮಣಿಯ ಸಮೇತ ಫೋಟೋ ಬಂತು. ಡಾಕ್ಟರರು ಅದನ್ನು ಬೆಳಕಿಗೆ ಹಿಡಿದು, ಶ್ವಾಸಕೋಶದ ತುಂಬ ಕಲ್ಲು ಎಂದು ಗಾಬರಿಯಾಗಿ, ಕ್ವಾರಿಯಲ್ಲಿ ಕೆಲಸವೇ ಎಂದು ಕೇಳಿದರು. ಸಾಲಾಗಿ ಪೋಣಿಸಿದ ಕಲ್ಲು ಯಾವ ಕ್ವಾರಿಯಲ್ಲಿ ಸಿಗುತ್ತದೆಂದು ಜಟ್ಟನಿಗೆ ತಿಳಿಯಲಿಲ್ಲ.

೩. ತಪ್ಪು ಗೊತ್ತಾದ ಮೇಲೆ ಸಿಟ್ಟು ಕಮಲಿಯ ಮೇಲೆ ಬಂತು. ಎಲ್ಲ ಬಿಚ್ಚು, ಇಲ್ಲವಾದರೆ ನಡೆ ಎಂದರು. ಅವಳ ತಾಯಿ ಸುಕ್ರಿಯ ಕೊರಳಿನ ಸರ ಹರಿದದ್ದು ಅಪ್ಪನ ಹೆಣ ಅಂಗಳದಲ್ಲಿದ್ದಾಗ. ಕಾರಣ ಕಮಲಿ ಎರಡೂ ಕೈಯಿಂದ ಮಣಿ ಅವುಚಿಕೊಂಡು ಕೇಳಿದಳು:

“ಅಂವ ಹೊರ್ಗೇ ಕೂತ್ಕಂಡಾನಲ್ಲ ಒಡೆಯಾ. ನಾ ಎಂತಕೆ ಮಣಿ ಬಿಚ್ಲಿ?”

ಪ್ರಶ್ನೆ ನ್ಯಾಯವಾದದ್ದು. ಉತ್ತರವಾಗಿ ಡಾಕ್ಟರರು ಚೀಟಿಯಲ್ಲಿ, ತಲೆ ಸರಿ ಇಲ್ಲ, ಧಾರವಾಡದ ಹುಚ್ಚಾಸ್ಪತ್ರೆಗೆ ಒಯ್ಯತಕ್ಕದ್ದು ಎಂದು ಬರೆದರು. ಹೀಗೆ ಎದೆಯ ರೋಗ ಯಾವ ಖರ್ಚೂ ಇಲ್ಲದೆ ತಲೆಗೆ ವರ್ಗವಾಯಿತು.

೪. ಅದೇ ಬೆಳಿಗ್ಗೆ ಬಿಣಗಾದ ಒಬ್ಬ ಸಾಹೇಬರ ಹೆಂಡತಿ ಸುಗಂಧಾಬಾಯಿಯವರೂ ಎದೆಯ ಫೋಟೋಕ್ಕೆ ಬಂದಿದ್ದರು. ಅವರೂ ಮಂಗಳಸೂತ್ರ ತೆಗೆಯುವುದಿಲ್ಲವೆಂದರು. ಅವರನ್ನು ಯಾರೂ ಹುಚ್ಚಿ ಅನ್ನಲಿಲ್ಲ. ನರ್ಸಬಾಯಿ ನಗುತ್ತ ಅದನ್ನು ಮೇಲಕ್ಕೆತ್ತಿ, ಬಾಯಲ್ಲಿ ಕಚ್ಚಿಕೊಳ್ಳಿ ಬಾಯೋರೆ ಎಂದರು. ಫೋಟೋ ಚೆನ್ನಾಗಿ ಬಂತು. ಇದನ್ನು ಬಾಗಿಲ ಸಂದಿಯಿಂದ ನೋಡಿದ ಜಟ್ಟನು, ಇವಳದನ್ನೂ ಹಾಗೇ ಎತ್ತಿ ಹಿಡಿಯುತ್ತೇನೆ, ನನ್ನ ಕೈ ಫೋಟೋದಲ್ಲಿ ಬಂದರೂ ಅಡ್ಡಿಯಿಲ್ಲ ಎಂದು ಬೇಡಿಕೊಂಡನು. ಗಂಡಸರು ಹೊರಗೆ ಎಂದರು.

೫. ಚೀಟಿಯ ಸುದ್ದಿ ಗಂಡಹೆಂಡಿರಿಗಿಂತ ಮುಂಚಿನ ಬಸ್ಸಿಗೆ ಬೆಳಂಬಾರ ಮುಟ್ಟಿತ್ತು. ಈಗ ಕಮಲಿಯನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಅವಳು ಒಲೆಯೆದುರು ಕೂತು, ನಂಗೆ ಹುಚ್ಚಾ ಎಂದು ಗಂಡನನ್ನೇ ಕೇಳುತ್ತಾಳೆ. ಅಲ್ಲವೆಂದರೆ ನಂಬುವುದಿಲ್ಲ, ಸರ್ಕಾರದ ಚೀಟಿ ಸುಳ್ಳು ಹೇಳುವುದುಂಟೆ? ಇದನ್ನು ಹೇಳುವಾಗ ಜಟ್ಟ ಅತ್ತನು. ಅಳುವಿಗೆ ಅರ್ಜಿಯಲ್ಲಿ ಕಾಲಂ ಇಲ್ಲದ ಕಾರಣ ಇಲ್ಲಿ ಬರೆದಿದೆ.

ಆದ್ದರಿಂದ, ಗಂಡ ಸತ್ತರೆ ಮಾತ್ರ ಮಣಿ ಬಿಚ್ಚುವುದು, ಮಣಿ ಬಿಚ್ಚಿದರೆ ಮಾತ್ರ ಫೋಟೋ, ಫೋಟೋ ಬಂದರೆ ಮಾತ್ರ ಔಷಧ ಎಂದಾಗಿರುವ ಕಾರಣ, ಜಟ್ಟನು ಸಾಯಲು ಒಪ್ಪಿದ್ದಾನೆ. ಬರುವ ಸೋಮವಾರ ಹತ್ತು ಗಂಟೆಗೆ ಅವನ ಮರಣ ಬರೆದುಕೊಂಡು, ಹತ್ತೂವರೆಗೆ ತಮ್ಮದೇ ಕಚೇರಿಯಲ್ಲಿ ಜನನ ಬರೆದುಕೊಳ್ಳಬೇಕು. ಅದಕ್ಕಿಂತ ಹೆಚ್ಚು ಹೊತ್ತು ಸತ್ತಿರಲು ಪುರುಸೊತ್ತಿಲ್ಲ. ಕಮಲಿಗೆ ಗಂಜಿ ಬೇಯಿಸಬೇಕು. ಜನನ ಬರೆಯುವಾಗ ಗಂಡಹೆಂಡಿರಿಬ್ಬರೂ ಸುಗಂಧಾಬಾಯಿಯವರ ಓಣಿಯಲ್ಲಿ ಹುಟ್ಟಿದ್ದಾಗಿ ಬರೆಯುವ ಕೃಪೆಯಾದರೆ, ಮುಂದಿನ ಕಾಯಿಲೆಗೆ ಯಾರೂ ಸಾಯಬೇಕಾಗಿ ಬರಲಿಕ್ಕಿಲ್ಲ.

ಕಮಲಿಗೆ ಈ ಉಪಾಯ ಹೇಳಿದಾಗ ಅವಳು ಬಹಳ ಹೊತ್ತು ಕೆಮ್ಮಿ, “ಕಾಗ್ದದಾಗೂ ನೀ ಸಾಯೂದ್ ಬ್ಯಾಡ” ಎಂದಳು. ಅವಳ ತಕರಾರನ್ನು ಹುಚ್ಚಿನ ಚೀಟಿಯ ಆಧಾರದಿಂದ ತಳ್ಳಿಹಾಕಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ, ಸೋಮವಾರ ಹತ್ತರವರೆಗೆ ಜೀವಂತ,
ಜಟ್ಟ ಬೊಮ್ಮು ಗೌಡ (ಎಡಗೈ ಹೆಬ್ಬೆಟ್ಟು)

ಲಗತ್ತುಗಳು:
ಧಾರವಾಡದ ಚೀಟಿ.
ಕಲ್ಲಿನ ಫೋಟೋ. ಮಣಿ ಬಹಳ ಚೆನ್ನಾಗಿ ಬಂದಿವೆ. ಕಮಲಿ ಇದನ್ನು ವಾಪಸು ಕೇಳಿದ್ದಾಳೆ.

ತಾ.ಕ.: ಈ ಅರ್ಜಿಯನ್ನು ಮೇಲಿನ ಕಚೇರಿಗೆ ಕಳಿಸಿ ತಡ ಮಾಡಬಾರದು. ತಡವಾದರೆ ಜಟ್ಟನ ಹೆಸರು ಹೊಡೆದು ಕಮಲಿಯದನ್ನು ಬರೆಯಬೇಕಾದೀತು. ಆ ಅರ್ಜಿಗೆ ಎಕ್ಸ್‌ರೇ ಬೇಕಿಲ್ಲ, ಮಣಿ ಬಿಚ್ಚುವ ಪ್ರಶ್ನೆಯೂ ಇಲ್ಲ, ತಾವೂ ಅದನ್ನು ಅದೇ ದಿನ ಮಂಜೂರು ಮಾಡುತ್ತೀರೆಂದು ಜಟ್ಟನಿಗೆ ಗೊತ್ತಿದೆ.